ಅಂಗಡಿ ಪೂಜೆಯ ವೀಳ್ಯ

“ಈ ಸಲ ಪಂಚಿ ಐದ್ ಜೊತಿ ತೆಗ್ದಿಡ್, ಸಾಕ್” ಎಂದು ಧಣಿಗಳು ಗೋದಾಮಿನ ಬಾಗಿಲಲ್ಲಿ ನಿಂತು ಹೇಳಿದಾಗ ನಾನು ಮಿಲ್ಲಿನಿಂದ ಬಂದ ಬಟ್ಟೆಯ ಬೇಲ್ ಮೂಟೆಗೆ ಬಿಗಿದಿದ್ದ ಕಬ್ಬಿಣದ ಪಟ್ಟಿ ಕತ್ತರಿಸುತ್ತಿದ್ದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಅವರು ಹಾಗೆಯೇ. ಹೇಳಬೇಕಾದ್ದನ್ನು ಬೆನ್ನು ತಿರುಗಿಸಿಕೊಂಡು ಹೇಳುವವರು, ಹೇಳಬಾರದ್ದನ್ನು ಹೇಳದೆಯೇ ಮುಗಿಸುವವರು.

ಪ್ರತಿ ವರ್ಷ ಎಂಟು ಜೊತೆ ತೆಗೆದಿಡುವುದು ನಮ್ಮ ಅಂಗಡಿಯ ಕ್ರಮ. ಕುಂದಾಪುರದ ದೊಡ್ಡ ಅಂಗಡಿಯಲ್ಲಿ ನಾವು ನಾಲ್ವರು, ಬೈಂದೂರಿನ ಶಾಖೆಯಲ್ಲಿ ಇಬ್ಬರು, ಬ್ರಹ್ಮಾವರದ ಶಾಖೆಯಲ್ಲಿ ಇಬ್ಬರು. ದೀಪಾವಳಿಯ ಅಂಗಡಿ ಪೂಜೆಯ ದಿನ ಎಂಟೂ ಜನ ಕುಂದಾಪುರದಲ್ಲಿ ಸೇರಬೇಕು. ಮಂಗಳಾರತಿ ಆದ ಮೇಲೆ ಧಣಿಗಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಒಂದು ಜೊತೆ ಪಂಚೆ, ಅದರ ಮೇಲೆ ಎಲೆಯಡಿಕೆಯ ವೀಳ್ಯ ಇಟ್ಟು ಕೊಡುತ್ತಿದ್ದರು. ಆ ವೀಳ್ಯವೇ ಮುಂದಿನ ವರ್ಷದ ನೌಕರಿ. ಕಾಗದವಿಲ್ಲ, ಮಾತಿಲ್ಲ. ಹೆಸರು ಕರೆಯದಿದ್ದರೆ ಅವನು ಅವಲಕ್ಕಿ ಪಂಚಕಜ್ಜಾಯ ತಿಂದು ಕೈ ತೊಳೆದು ಮನೆಗೆ ಹೋಗಬೇಕು, ಮರುದಿನದಿಂದ ಬರಬಾರದು. ನಾನು ಅಲ್ಲಿ ಸೇರಿದ ಮೇಲೆ ಹಾಗೆ ಹೋದವರನ್ನು ಕಂಡಿದ್ದೆ. ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಧಣಿಗಳ ಬಾಯಿಂದ “ಹೋಗು” ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ. ಊರಲ್ಲಿ ಅವರಿಗೆ ಮೃದು ಮನಸ್ಸಿನವರು ಎಂಬ ಹೆಸರು ಬಂದದ್ದು ಹೀಗೆ.

ಐದು ಜೊತೆ ಎಂದರೆ ಮೂವರಿಗೆ ಇಲ್ಲ. ಯಾವ ಮೂವರು ಎಂದು ಅವರು ಹೇಳಲಿಲ್ಲ. ಮೊದಲು ಬಂದದ್ದು ಹೆದರಿಕೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಟ್ಟು ಬಂತು. ಮೂರು ಮನೆಯ ಒಲೆ ಆರಿಸುವ ಲೆಕ್ಕವನ್ನು ಪಂಚೆ ಎಣಿಸುವವನ ಕೈಯಲ್ಲಿ ಕೊಟ್ಟು ನಶ್ಯ ಹಾಕಿಕೊಂಡು ಹೋಗುವುದೆಂದರೆ ಏನು?

ಅದು ಸ್ವಾತಂತ್ರ್ಯ ಬಂದ ವರ್ಷ. ಆಗಸ್ಟಿನಲ್ಲಿ ಅಂಗಡಿಯ ಮುಂದೆ ಬಾವುಟ ಏರಿಸಿ, ಹೊಸ ಬಿಳಿ ಟೋಪಿ ಹಾಕಿಕೊಂಡು, “ಇನ್ನು ನಾವೆಲ್ಲ ಅಣ್ಣತಮ್ಮಂದಿರು” ಎಂದು ಭಾಷಣ ಮಾಡಿದವರು ಇದೇ ಧಣಿಗಳು. ಲಾಡು ಹಂಚಿದವನು ನಾನು. ಬಟ್ಟೆಗೆ ಮಾತ್ರ ಯುದ್ಧಕಾಲದ ಕಂಟ್ರೋಲ್ ಇನ್ನೂ ಹೋಗಿರಲಿಲ್ಲ. ರೇಶನ್ ಕಾರ್ಡು ತಂದವರಿಗೆ ತಲೆಗೆ ಇಷ್ಟು ಗಜ ಎಂದು ಅಳೆದು ಕೊಡುವುದು, ಕಾರ್ಡಿಗೆ ಗುರುತು ಹಾಕುವುದು, ಇಷ್ಟೇ ವ್ಯಾಪಾರ. ಮೊದಲಾದರೆ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಮದುವೆಗೋ ಬಾಣಂತಿಗೋ ಎಂದು ಅಂದಾಜು ಮಾಡಿ, ಚಾಪೆಯ ಮೇಲೆ ಸೀರೆಯ ಸೆರಗು ಬಿಡಿಸಿ, ಹಗುರದ್ದು ಮೊದಲು, ಭಾರದ್ದು ಆಮೇಲೆ, ಮನಸ್ಸಿಗೆ ಹಿಡಿಸುವುದನ್ನು ಮೂರನೆಯದಾಗಿ ತೋರಿಸುತ್ತಿದ್ದೆವು. ಈಗ ಇದ್ದದ್ದೇ ಎರಡು ಬಗೆ. “ಮಾಲ್ ಇಲ್ಲೆ, ಜನ ಹೆಚ್ಚಾಯ್ತ್” ಎಂದು ಧಣಿಗಳು ಆಗಾಗ ನಮಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದರು. ಮಾಲು ಇರಲಿಲ್ಲವೆಂಬುದು ಪೂರ್ತಿ ನಿಜವಲ್ಲ. ಒಳ್ಳೆಯ ಪಂಚೆ, ಒಳ್ಳೆಯ ಸೀರೆ ಗೋದಾಮಿನ ಹಿಂದಿನ ಬಾಗಿಲಿಂದ ದೊಡ್ಡವರ ಮನೆಯ ಮದುವೆಗಳಿಗೆ ಹೋಗುತ್ತಿತ್ತು. ಹೊತ್ತು ಮುಟ್ಟಿಸಿ ಬರುತ್ತಿದ್ದವರು ನಾವೇ ಆದ್ದರಿಂದ ನನಗೆ ಗೊತ್ತು.

ನಮ್ಮಲ್ಲಿ ಹಿರಿಯರು ದೊಡ್ಡ ಗುಮಾಸ್ತರು. ಈಗಿನ ಧಣಿಗಳ ತಂದೆಯ ಕಾಲದಿಂದ ಇದ್ದವರು. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವವರು ಅವರು, ಗಾದಿಯ ಮೂಲೆಯಲ್ಲಿ ಮೊದಲ ಜಾಗ ಅವರದ್ದು. ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ. ಆ ದಿನ ಮಧ್ಯಾಹ್ನ ಧಣಿಗಳ ಮನೆಯ ಹಿಂದಿನ ಜಗಲಿಯಲ್ಲಿ ಊಟಕ್ಕೆ ಕೂತಾಗ ಮೆಲ್ಲಗೆ ಅವರಿಗೆ ಹೇಳಿದೆ. ನಮಗೆಲ್ಲ ಮಧ್ಯಾಹ್ನದ ಊಟ ಅಲ್ಲೇ, ಧಣಿಗಳ ತಾಯಿಯ ಕೈಯಿಂದ.

ಗುಮಾಸ್ತರು ಅನ್ನ ಕಲಸುವುದು ನಿಲ್ಲಿಸಲಿಲ್ಲ. “ಬೈಂದೂರ್ ಶಾಖೆ ಮುಚ್ಚುತ್ರ್ ಅಂಬ್ರ್. ಅಲ್ಲಿ ಇಬ್ರ್ ಆಯ್ತಲೆ.”

“ಮತ್ತೊಬ್ರ್ ಯಾರ್?”

“ನೀನಲ್ಲ, ನಾನಲ್ಲ. ಸುಮ್ನೆ ಉಣ್.”

ಸುಮ್ಮನೆ ಉಣ್ಣುವುದು ನನ್ನಿಂದ ಆಗಲಿಲ್ಲ. ಬೈಂದೂರಿನ ಇಬ್ಬರಲ್ಲಿ ಒಬ್ಬ ಯಡ್ತರೆಯಿಂದ ದಿನಾ ನಡೆದು ಬಂದು ಅಂಗಡಿ ತೆರೆಯುವವ, ನನಗಿಂತ ಚಿಕ್ಕವ. ಅಲ್ಲಿ ಇಬ್ಬರು ಹೋದರೆ ಆಯಿತಲ್ಲ ಎಂದು ಗುಮಾಸ್ತರು ಉಪ್ಪಿನಕಾಯಿ ಬಡಿಸಿದಷ್ಟು ಸುಲಭಕ್ಕೆ ಹೇಳಿದ್ದು ಕೇಳಿ ಮೈ ಉರಿಯಿತು.

ಕುಂದಾಪುರದ ಹಂಚಿನ ಕಾರ್ಖಾನೆಯ ಕೆಲಸಗಾರರಿಗೆ ಆಗಲೇ ಸಂಘ ಇತ್ತು. ಅದರ ಕಾರ್ಯದರ್ಶಿ ಹಂಚು ಸುಡುವ ಗೂಡಿನಲ್ಲಿ ಕೆಲಸ ಮಾಡುವವರು. ಧಣಿಗಳು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಹೊಳೆಬದಿಯ ಮಣ್ಣಿನ ರಾಶಿಯ ಹತ್ತಿರ ಅವರನ್ನು ಹುಡುಕಿಕೊಂಡು ಹೋದೆ. ಅವರು ಮುಂಗೈಗೆ ಅಂಟಿದ ಮಣ್ಣು ಕೆರೆಯುತ್ತಾ ಎಲ್ಲ ಕೇಳಿದರು.

“ಸಂಘ ಕಟ್ಟುಕೆ ಏಳ್ ಜನ ಬೇಕ್. ಏಳ್ ರುಜು. ಸರ್ಕಾರದ ಕಾಯಿದೆ ಹಾಂಗೆ. ನಿಮ್ಮಲ್ಲಿ ಎಷ್ಟ್ ಜನ ಇದ್ರಿ?”

“ಎಂಟ್. ಅದ್ರಲ್ಲ್ ಗಲ್ಲೆಯಲ್ಲ್ ಕೂಕಂಡ್ ದುಡ್ಡ್ ಎಣ್ಸುವವ ಧಣಿಗಳ ತಂಗಿ ಮಗ.”

“ಹಾಂಗಾರೆ ಏಳೇಯ. ಒಬ್ಬ ಬಿಟ್ರೂ ಆತಿಲ್ಲೆ.” ಅವರು ನಕ್ಕರು. “ಹ್ವಾಯ್, ನಿಮ್ದ್ ಕಷ್ಟ ಇತ್ತ್ ಮಾರಾಯ್ರೆ. ನಮ್ ಕಾರ್ಖಾನಿಯಲ್ಲ್ ಸಾಹುಕಾರ್ರ್ ಮುಖ ವರ್ಷಕ್ಕೊಂದ್ ಸಲ ಕಂಡ್ರೆ ಹೆಚ್ಚ್. ಬೈಯ್ಕಂದ್ರೂ ಬೈಲಕ್. ನೀವ್ ಅವ್ರ್ ಮನಿಯಲ್ಲೇ ಉಂಬವ್ರ್. ಉಂಡ್ ಎದ್ದ್ ಹ್ಯಾಂಗೆ ಜಗಳ ಮಾಡ್ತ್ರಿ?”

ನಾನು ಹಿಂದಿನ ಬಾಗಿಲ ವಿಷಯ ಹೇಳಿದೆ. ಅದನ್ನು ಕಂಟ್ರೋಲ್ ಅಧಿಕಾರಿಗೆ ಬರೆದು ಹಾಕಿದರೆ ಹೇಗೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಆ ಅಧಿಕಾರಿ ಕಾಫಿ ಕುಡಿಯುವುದು ಯಾರ ಮನೆಯಲ್ಲಿ ಎಂದು ಕೇಳಿದರು. ಧಣಿಗಳ ಮನೆಯಲ್ಲೇ, ಆ ಕಾಫಿ ತಂದು ಕೊಡುತ್ತಿದ್ದದ್ದೂ ಎಷ್ಟೋ ಸಲ ನಾನೇ. ಹೆದರಿಸಿ ಗೆಲ್ಲುವುದು ಬೇಡ, ಏನು ಬೇಕೆಂದು ಒಂದೇ ಮಾತಿನಲ್ಲಿ ಹೇಳಲು ಕಲಿಯಿರಿ ಎಂದರು. ಆ ಮಾತು ಸಿಗಲು ನನಗೆ ಕೆಲವು ದಿನ ಬೇಕಾಯಿತು. ಕೆಲಸ ಕಡಿಮೆಯಾಗಿದ್ದರೆ ಎಲ್ಲರಿಗೂ ಕಡಿಮೆಯಾಗಲಿ. ಏಳು ಜನ ಸರದಿಯ ಮೇಲೆ ಬಿಡುವು ಮಾಡುತ್ತೇವೆ, ಬಿಡುವಿನ ದಿನದ ಸಂಬಳ ಬೇಡ. ಯಾರನ್ನೂ ಪೂರ್ತಿ ಕಳಿಸಬಾರದು. ಇಷ್ಟೇ. ಇದರಲ್ಲಿ ಧಣಿಗಳಿಗೆ ಕಾಸಿನ ನಷ್ಟವಿರಲಿಲ್ಲ. ಅವರಿಗೆ ಕೊಡಲು ಇಷ್ಟವಿಲ್ಲದ್ದು ಬೇರೆ ಏನೋ ಇತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಶಾಖೆಗಳಿಗೆ ಕಂಟ್ರೋಲ್ ಬಟ್ಟೆ ಮುಟ್ಟಿಸುವ ಕೆಲಸ ನನ್ನದು. ಆದ್ದರಿಂದ ಸಂಘದ ಕಾಗದವನ್ನು ಧಣಿಗಳ ಖರ್ಚಿನಲ್ಲೇ ಊರೂರು ತಿರುಗಿಸಿದೆ. ಇದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಬೈಂದೂರಿನ ದಾರಿಯಲ್ಲಿ ಹೊಳೆ ಬಂದಲ್ಲೆಲ್ಲ ಬಸ್ಸಿಳಿದು ಬಟ್ಟೆಯ ಗಂಟನ್ನು ದೋಣಿಗೆ ಹಾಕಿ, ಮೇಲೆ ನಾನೇ ಕೂತು ಆಚೆ ದಡದಲ್ಲಿ ಮತ್ತೊಂದು ಬಸ್ಸು ಕಾಯಬೇಕು. ಗಂಟು ಒದ್ದೆಯಾದರೆ ನನ್ನ ಸಂಬಳದಿಂದ ಹೋಯಿತು. ಬೈಂದೂರಿನ ಇಬ್ಬರಿಗೆ ಶಾಖೆ ಮುಚ್ಚುವ ಸುದ್ದಿ ಆಗಲೇ ತಿಳಿದಿತ್ತು, ಯಾರೂ ಹೇಳದೆಯೇ. ಎರಡು ತಿಂಗಳಿಂದ ಅವರಿಗೆ ದೀಪದ ಎಣ್ಣೆ ಬಂದಿರಲಿಲ್ಲ. ಯಡ್ತರೆಯವ ಕೈ ಒರೆಸಿಕೊಂಡು ರುಜು ಹಾಕಿದ. ಹಾಕಿದವನು ಸುಮ್ಮನಿರಲಿಲ್ಲ.

“ನಮ್ದ್ ಹೆಂಗೂ ಹೋಪ್ ನೌಕ್ರಿ. ರುಜು ಹಾಕುಕೆ ನಮ್ಗ್ ಧೈರ್ಯ ಬೇಡ. ಇಪ್ಪವ್ರ್ ಹಾಕ್ತ್ರಾ? ಅದನ್ ಹೇಳಿ ಕಾಂಬ.”

ಅವನು ಕೇಳಿದ್ದೇ ಇಡೀ ವಿಷಯದ ಗಂಟು. ಸಾಸ್ತಾನ ದಾಟಿ ಮಾಬುಕಳದಲ್ಲಿ ದೋಣಿ ಹತ್ತಿ ಬ್ರಹ್ಮಾವರಕ್ಕೆ ಹೋದಾಗ ಅದು ಕಣ್ಣಿಗೆ ಕಂಡಿತು. ಅಲ್ಲಿಯ ಇಬ್ಬರಿಗೂ ತಮ್ಮ ಶಾಖೆ ಉಳಿಯುವುದೆಂಬ ಆಸೆ. ಒಬ್ಬ ಗಜದ ಕೋಲನ್ನು ಮಂಡಿಯ ಮೇಲೆ ಇಟ್ಟುಕೊಂಡು ಬೀದಿಯನ್ನೇ ನೋಡುತ್ತಿದ್ದ. “ರುಜು ಹಾಕಿದ್ ಗೊತ್ತಾರೆ ಮೂರ್ನೆಯವ ನಾನೇ ಆತೆ” ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ. ಧಣಿಗಳ ಬಲ ಇದ್ದದ್ದು ಹಣದಲ್ಲಲ್ಲ, ಯಾರೆಂದು ಹೇಳದೆ ಇಟ್ಟದ್ದರಲ್ಲಿ. ಎಲ್ಲರೂ ಮೂರನೆಯವ ತಾನಲ್ಲ ಎಂದುಕೊಂಡು, ತಾನೇ ಆಗಿಬಿಟ್ಟರೆ ಎಂದು ನಡುಗುತ್ತಾ, ಇನ್ನೊಬ್ಬನ ಕಡೆ ನೋಡದೆ ಗಜ ಅಳೆಯುತ್ತಿದ್ದೆವು. ನಾನು ಆ ದಿನ ಅವರಿಬ್ಬರ ಮೇಲೆ ರೇಗಿದೆ. “ಬೈಂದೂರಿನವ್ರ್ ಹೋದ್ ಮೇಲೆ ಮುಂದಿನ ವರ್ಷ ಮುಚ್ಚುದ್ ಯಾವ್ ಶಾಖೆ, ನೀವೇ ಹೇಳಿ” ಎಂದೆ. ಅವರಲ್ಲಿ ಒಬ್ಬ ಕಾಗದ ಎಳೆದುಕೊಂಡ, ಇನ್ನೊಬ್ಬ ನನ್ನನ್ನು ಬೈದು ರುಜು ಹಾಕಿದ. ಕುಂದಾಪುರದಲ್ಲಿ ನನ್ನ ಜೊತೆ ಸೀರೆ ತೋರಿಸುವವನೂ ಹಾಕಿದ. ನಾನು ಸೇರಿ ಆರಾಯಿತು.

ಏಳನೆಯವರು ದೊಡ್ಡ ಗುಮಾಸ್ತರು. ಅವರನ್ನು ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವರ ಮನೆಯ ಅಂಗಳದಲ್ಲಿ ಭಾನುವಾರ ಸಂಜೆ ಕೂತು ಮಾತಾಡಿದೆವು.

“ಇದ್ ಕಾರ್ಖಾನಿ ಅಲ್ಲ ಮಾರಾಯ, ಅಂಗ್ಡಿ” ಎಂದರು. “ನನ್ ಎರಡ್ ಹೆಣ್ ಮಕ್ಳ್ ಮದಿಗೆ ಸೀರಿ ಯಾರ್ ಕೊಟ್ಟದ್? ನಂಗ್ ಜ್ವರ ಬಂದಾಗ ಗಂಜಿ ಕಳ್ಸದ್ ಯಾರ್? ನಿನ್ ಸಂಘ ಕಳ್ಸತ್ತಾ?”

“ಗಂಜಿ ಕಳ್ಸುಕೆ ಮನಸ್ ಇಪ್ಪವ್ರ್ ಮೂರ್ ಜನ್ರನ್ ಕಳ್ಸುದ್ ಎಂತಕೆ?”

“ವ್ಯಾಪಾರ ಇಲ್ಲೆ ಅಲ್ದಾ? ನೀ ಸಂಘ ಕಟ್ಟಿರೆ ಮಿಲ್ಲಿಂದ ಬೇಲ್ ಹೆಚ್ಚ್ ಬತ್ತಾ? ನಾಳೆ ಅವ್ರ್ ಅಂಗ್ಡಿ ಬಾಗ್ಲ್ ಹಾಕಿ, ಅಳಿಯನ್ ಹೆಸ್ರಲ್ಲ್ ಮತ್ತೊಂದ್ ತೆರದ್ರೆ ಎಂತ ಮಾಡ್ತೆ?”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೇಲು ತರುವ ಶಕ್ತಿ ನಮಗಿರಲಿಲ್ಲ. ಬಾಗಿಲು ಹಾಕಿದರೆ ತಡೆಯುವ ಶಕ್ತಿಯೂ ಇರಲಿಲ್ಲ. ನಾನು ಸರದಿಯ ಮಾತು ಹೇಳಿದೆ. ಬೇಲು ಬರದಿದ್ದರೂ ಇದ್ದದ್ದನ್ನು ಹಂಚಿಕೊಳ್ಳಬಹುದು, ಆದರೆ ಒಬ್ಬೊಬ್ಬರಾಗಿ ಹೋಗಿ ಕೇಳಿದರೆ ಹಂಚಿಕೆಯ ಮಾತೇ ಬರುವುದಿಲ್ಲ ಎಂದೆ. ಅವರು, “ನನ್ನನ್ ಕೇಂಡ್ರೆ ನಾನೇ ಹೇಳ್ತಿದ್ದೆ ಧಣಿಗಳಿಗೆ. ನನ್ ಮಾತ್ ತೆಗ್ದ್ ಹಾಕ್ತಿರ್ಲಿಲ್ಲ. ಕಾಗದ ಗೀಗದ ನಂಗೆ ಬೇಡ” ಎಂದು ಎದ್ದರು. ಮರುದಿನ ಅವರು ನಿಜವಾಗಿ ಧಣಿಗಳ ಹತ್ತಿರ ಹೋಗಿ ಸರದಿಯ ವಿಷಯ ಎತ್ತಿದರಂತೆ. ಧಣಿಗಳು ನಕ್ಕು, “ನೀವ್ ಇದಕ್ಕೆಲ್ಲ ತಲಿ ಹಾಕ್ಬೇಡಿ ಗುಮಾಸ್ತ್ರೆ” ಎಂದರಂತೆ. ಇದನ್ನು ಗುಮಾಸ್ತರೇ ಬಂದು ನನಗೆ ಹೇಳಿದರು, ಏನೋ ಸಾಧಿಸಿದವರ ಹಾಗೆ. ನನಗೆ ಅವರ ಮೇಲೂ ಸಿಟ್ಟು ಬಂತು.

ಏಳಾಗದೆ ಸಂಘವಿಲ್ಲ. ಆರು ಜನ ಸೇರಿ ಒಂದು ಮಾತು ಮಾಡಿಕೊಂಡೆವು. ಪೂಜೆಯ ದಿನ ಯಾರ ಹೆಸರು ಕರೆದರೂ ವೀಳ್ಯ ಮುಟ್ಟಬಾರದು. ಏಳು ಜನರಿಗೂ ಕೊಡುವುದಾದರೆ ತೆಗೆದುಕೊಳ್ಳೋಣ, ಇಲ್ಲವೆಂದರೆ ಯಾರಿಗೂ ಬೇಡ. ನಾನು ಮೊದಲೇ ನಿರ್ಧರಿಸಿಕೊಂಡಿದ್ದೆ, ನನ್ನನ್ನಂತೂ ಕರೆಯುವುದಿಲ್ಲ ಎಂದು. ಕಾಗದ ತಿರುಗಿದ್ದು ಧಣಿಗಳ ಕಿವಿಗೆ ಬೀಳದೆ ಇರುತ್ತದೆಯೇ?

ಬಿದ್ದಿತ್ತು. ಅವರು ಅದಕ್ಕೆ ಮಾಡಿದ ಉಪಾಯ ನೋಡಿ. ಯಾವ ವರ್ಷವೂ ಇಲ್ಲದ್ದು, ಈ ಸಲ ಪಂಚೆ ಮತ್ತು ವೀಳ್ಯದ ತಟ್ಟೆಗಳನ್ನು ಭಟ್ಟರ ಕೈಯಿಂದ ಲಕ್ಷ್ಮಿಯ ಮುಂದೆ ಇಡಿಸಿದರು. ಮಂಗಳಾರತಿಯಾದ ಮೇಲೆ ಪ್ರತಿ ವೀಳ್ಯದ ಮೇಲೂ ದೇವರ ತಲೆಯಿಂದ ತೆಗೆದ ಒಂದೊಂದು ಹೂವು, ಚಿಟಿಕೆ ಕುಂಕುಮ. ಕೊಡಲು ತಾವು ನಿಲ್ಲಲಿಲ್ಲ, ತಾಯಿಯನ್ನು ನಿಲ್ಲಿಸಿದರು. ನಮಗೆ ದಿನಾ ಅನ್ನ ಬಡಿಸುವ ಆ ಅಮ್ಮನಿಗೆ ಇದರ ಗಂಧವೂ ತಿಳಿದಿರಲಿಲ್ಲ. ಬೇಡ ಎಂದರೆ ಬೇಡ ಎಂದದ್ದು ಧಣಿಗಳಿಗಲ್ಲ, ದೇವರ ಪ್ರಸಾದಕ್ಕೆ ಮತ್ತು ಉಣ್ಣಿಸಿದ ಕೈಗೆ. ನಾನು ನಮ್ಮವರ ಮುಖ ನೋಡಿದೆ. ಎಲ್ಲರ ಕಣ್ಣೂ ಆ ಹೂವಿನ ಮೇಲಿತ್ತು. ಆಡಿದ ಮಾತು ಅಲ್ಲೇ ಮುರಿದುಬಿತ್ತೆಂದು ನನಗೆ ಗೊತ್ತಾಯಿತು. ದೇವರನ್ನು ಹೀಗೆ ಅಡ್ಡ ಹಿಡಿದು ನಿಂತವರ ಮೇಲೆ ಬಂದ ಸಿಟ್ಟನ್ನು ನಾನು ಈ ವಯಸ್ಸಿನಲ್ಲೂ ಪೂರ್ತಿ ಇಳಿಸಿಕೊಂಡಿಲ್ಲ.

ಧಣಿಗಳು ಗಲ್ಲೆಯ ಹತ್ತಿರ ಕೂತು ಹೆಸರು ಕರೆದರು. ಮೊದಲು ತಂಗಿಯ ಮಗ. ಎರಡನೆಯದು ನಾನು.

ನನ್ನನ್ನು ಇಟ್ಟುಕೊಂಡು ಉಳಿದವರಿಂದ ಬೇರೆ ಮಾಡುವ ಉಪಾಯ ಅದು. ನಾನು ತೆಗೆದುಕೊಂಡರೆ ಸಂಘ ಅಲ್ಲಿಗೆ ಸತ್ತಿತು. ಅಮ್ಮ ತಟ್ಟೆ ಚಾಚಿ “ಬಾ ಮಗಾ, ತಕೋ” ಎಂದರು. ನಾನು ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಎದ್ದು ವೀಳ್ಯದ ಮೇಲಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿದೆ. ಪಂಚೆ, ವೀಳ್ಯ ತಟ್ಟೆಯಲ್ಲೇ ಬಿಟ್ಟೆ.

“ಇದ್ ಬಿಟ್ಟೆ ಅಲಾ?”

“ಹೂಗ್ ದೇವ್ರದ್ ಅಮ್ಮ, ತಕಂಡೆ. ವೀಳ್ಯ ಧಣಿಗಳದ್ದ್. ಎಲ್ರಿಗೂ ಕೊಟ್ ಮೇಲೆ ತಕಂತೆ.”

ಧಣಿಗಳು ಏನೂ ಆಗದವರ ಹಾಗೆ ಮುಂದಿನ ಹೆಸರು ಕರೆದರು. ಸೀರೆ ತೋರಿಸುವವ ಹೋದ, ತೆಗೆದುಕೊಂಡ. ಬ್ರಹ್ಮಾವರದ ಇಬ್ಬರೂ ಹೋದರು, ತೆಗೆದುಕೊಂಡರು. ನನ್ನ ಮುಖ ನೋಡಲಿಲ್ಲ. ಅಲ್ಲಿಗೆ ಐದಾಯಿತು. ತಟ್ಟೆಗಳು ಮುಗಿದವು. ದೊಡ್ಡ ಗುಮಾಸ್ತರು ಮಾತ್ರ ತಮ್ಮ ಜಾಗದಲ್ಲಿ ಎದ್ದು ನಿಂತಿದ್ದರು. ಪ್ರತಿ ವರ್ಷ ಕೊನೆಯ ಹೆಸರು ಅವರದ್ದು, ಗೌರವಕ್ಕೆ. ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಎರಡು ಕೈ ಮುಂದೆ ಹಿಡಿದಿದ್ದರು. ಧಣಿಗಳು ಭಟ್ಟರ ಜೊತೆ ದಕ್ಷಿಣೆಯ ಮಾತಿಗೆ ತೊಡಗಿದರು. ಗುಮಾಸ್ತರ ಕೈ ಹಾಗೇ ಇತ್ತು. ನಾನೇ ಹೋಗಿ ಆ ಕೈ ಹಿಡಿದು ಇಳಿಸಿದೆ.

ಮನೆಗೆ ಬಂದಾಗ ಹೆಂಡತಿ ನನ್ನ ಬರಿಗೈ ನೋಡಿದಳು, ಕಿವಿಯ ಹೂವು ನೋಡಿದಳು. “ಪಂಚಿ ಎಲ್ಲಿತ್ತ್?” ಎಂದಳು. ನಡೆದದ್ದು ಹೇಳಿದೆ. ಅವಳು ಬೈಯಲಿಲ್ಲ, ಅತ್ತಳು. ಆಮೇಲೆ, “ಕೊಟ್ಟದ್ ಬಿಟ್ ಬಪ್ಪುಕೆ ನಮ್ಮನಿಯಲ್ಲ್ ಎಂತ ತುಂಬಿ ಚೆಲ್ತಿತ್ತಾ?” ಎಂದು ಕೇಳಿದಳು. ಅದಕ್ಕೆ ನಾನು ಕೊಟ್ಟ ಉತ್ತರ ಏನೆಂದು ಈಗ ನೆನಪಿಲ್ಲ, ಅವಳಿಗೆ ಸಮಾಧಾನವಾಗಲಿಲ್ಲ ಎಂಬುದು ನೆನಪಿದೆ.

ಹಬ್ಬ ಕಳೆದು ಅಂಗಡಿ ತೆರೆದ ದಿನ ಬೆಳಿಗ್ಗೆ ನಾನು ಪೇಟೆಗೆ ಹೋದೆ, ಏನು ಮಾಡಬೇಕೆಂದು ತಿಳಿಯದೆ. ನೋಡಿದರೆ ದೊಡ್ಡ ಗುಮಾಸ್ತರು ಗಾದಿಯ ಮೂಲೆಯಲ್ಲಿ ತಮ್ಮ ಜಾಗದಲ್ಲಿ ಕೂತಿದ್ದಾರೆ. ಬೀಗದ ಕೈ ಅವರ ಬಳಿಯೇ ಇತ್ತಲ್ಲ, ತೆರೆದು ಕಸ ಗುಡಿಸಿ ನೀರು ಚಿಮುಕಿಸಿ ಕೂತಿದ್ದರು. ನಾನು ಮೆಟ್ಟಿಲಲ್ಲೇ ನಿಂತು, “ಇದೆಂತ ಗುಮಾಸ್ತ್ರೆ?” ಎಂದೆ.

“ನನ್ ಹತ್ರ ಯಾರೂ ಹೋಗ್ ಅಂದಿಲ್ಲೆ” ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಹಟಕ್ಕೆ ಹೇಳಿದ್ದಲ್ಲ. ಎಲ್ಲೋ ತಪ್ಪಾಗಿದೆ, ಧಣಿಗಳು ಮರೆತಿದ್ದಾರೆ, ಸರಿಮಾಡುತ್ತಾರೆ ಎಂದು ನಂಬಿಕೊಂಡು ಬಂದಿದ್ದರು. ನನಗೆ ಮಾತ್ರ ಆ ಮಾತು ಬೇರೆಯಾಗಿ ಕೇಳಿಸಿತು. ಹೌದಲ್ಲ, ಯಾರೂ ಹೇಳಿಲ್ಲವಲ್ಲ! ಇಷ್ಟು ವರ್ಷ ನಾವೇ ಹೇಳಿಸಿಕೊಳ್ಳದೆ ಹೋಗಿ ಅವರ ಬಾಯಿಗೆ ಕಷ್ಟ ಕೊಡದೆ ಇದ್ದೆವು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಬೈಂದೂರಿನವರಿಗೆ ಹೇಳಿ ಕಳಿಸಿದೆ. ಮರುದಿನ ಅವರಿಬ್ಬರೂ ಬಂದು ಸೇರಿದರು. ನಾಲ್ವರು ಕೆಲಸವಿಲ್ಲದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತೆವು. ಊಟಕ್ಕೆ ಮಾತ್ರ ಧಣಿಗಳ ಮನೆಗೆ ಹೋಗಲಿಲ್ಲ. ಅದು ನನ್ನ ಷರತ್ತು. ಅಮ್ಮ ಹೇಳಿಕಳಿಸಿದರೂ ಹೋಗಲಿಲ್ಲ.

ಧಣಿಗಳು ನಮ್ಮನ್ನು ನೋಡದ ಹಾಗೆ ನಡೆದುಕೊಂಡರು. ತಂಗಿಯ ಮಗನಿಂದ ಬಟ್ಟೆಯ ಕಪಾಟಿಗೆ ಬೀಗ ಹಾಕಿಸಿದರು. ಬ್ರಹ್ಮಾವರದ ಇಬ್ಬರನ್ನು ಹಂಚಿನ ಕಾರ್ಖಾನೆಗೆ ಓಡಿಸಿ, ಕಾರ್ಯದರ್ಶಿಯ ಬಳಿ ಇಟ್ಟಿದ್ದ ಕಾಗದದಿಂದ ಹೆಸರು ಹೊಡೆದು ಹಾಕಲು ಕೇಳಿಸಿದರು. ಕಾರ್ಯದರ್ಶಿ ಅವರಿಗೆ, “ಹೊಡ್ದ್ ಹಾಕುವ. ಉಳ್ದವ್ರ್ ಎದ್ರ್ ಬಂದ್ ಹೇಳಿ, ಈಗ್ಲೇ ಹೊಡ್ದ್ ಹಾಕ್ತೆ” ಎಂದರಂತೆ. ಅವರು ನಮ್ಮ ಎದುರು ಬರಲಿಲ್ಲ, ಹೆಸರೂ ಹಾಗೇ ಉಳಿಯಿತು.

ಹಾಗೆ ಕೂತಿರುವಾಗ ಒಂದು ಬೆಳಿಗ್ಗೆ ಗಂಗೊಳ್ಳಿಯ ಕಡೆಯಿಂದ ಮೀನು ಮಾರುವ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಮದುವೆಯ ಸೀರೆ. ನೇರ ಗುಮಾಸ್ತರ ಮುಂದೆ ಕೂತಳು. ಸೀರೆ ತೋರಿಸುವವ ಓಡಿ ಬಂದು ಸೀರೆ ಬಿಡಿಸಿದ. ಅವಳು ಅತ್ತ ನೋಡಲೇ ಇಲ್ಲ.

“ನನ್ ಮದಿಗೂ ಇವ್ರೇ ಸೀರಿ ತೋರ್ಸದ್. ಇವ್ರ್ ತೋರ್ಸಿರೆ ತಕಂತೆ, ಇಲ್ದಿರೆ ಇಲ್ಲೆ” ಎಂದಳು.

ಗುಮಾಸ್ತರ ಕೈ ತಾನಾಗಿ ಮುಂದೆ ಹೋಯಿತು. ಚಾಪೆಯ ಮೇಲಿನ ಸೀರೆ ಎಳೆದುಕೊಂಡು ಸೆರಗು ಬಿಡಿಸಿ ಹುಡುಗಿಯ ಭುಜಕ್ಕೆ ಹಿಡಿದರು. ಆಗ ಧಣಿಗಳಿಗೆ ತಡೆಯಲಾಗಲಿಲ್ಲ. ಗಲ್ಲೆಯಿಂದ ಎದ್ದು ಬಂದು ಎಲ್ಲರೂ ಕೇಳುವ ಹಾಗೆ ಕೂಗಿದರು.

“ಅದನ್ ಮುಟ್ಬೇಡಿ! ನೀವ್ ಈ ಅಂಗ್ಡಿಯವ್ರಲ್ಲ. ಎಷ್ಟ್ ದಿನ ಹೇಳ್ದೆ ತಡ್ಕಂಬುದ್? ನಾಚ್ಕಿ ಇಲ್ದೆ ದಿನಾ ಬಂದ್ ಕೂಕಂತ್ರಿ! ಎದ್ದ್ ಹೋಯ್ನಿ!”

ಬೀದಿಯಲ್ಲಿ ಹೋಗುವವರು ನಿಂತರು. ಗುಮಾಸ್ತರು ಸೀರೆಯನ್ನು ಹುಡುಗಿಯ ಭುಜದಿಂದ ತೆಗೆದು, ಅಂಚಿಗೆ ಅಂಚು ಕೂಡಿಸಿ, ಮೊದಲಿದ್ದ ಮಡಿಕೆಗೇ ಮಡಚಿ ಚಾಪೆಯ ಮೇಲಿಟ್ಟರು. ಬೀಗದ ಕೈ ಸೊಂಟದಿಂದ ಬಿಚ್ಚಿ ಅದರ ಪಕ್ಕದಲ್ಲಿಟ್ಟರು.

“ಕೇಂಡೆ ಒಡ್ಯಾ. ಹೇಳ್ದ್ ಒಳ್ಳೇದಾಯ್ತ್” ಎಂದರು.

ಮೆಟ್ಟಿಲು ಇಳಿದು ಬೀದಿಗೆ ಬಂದ ಮೇಲೆ ಅವರು ಹಿಂದೆಯೇ ಇಳಿದು ಬಂದ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು. “ಎಲ್ಲಿ ಹಾಕ್ಕ್ ರುಜು?” ಕಾರ್ಖಾನೆಯ ಮಣ್ಣಿನ ರಾಶಿಯ ಪಕ್ಕದಲ್ಲಿ ಒಂದು ಹಂಚನ್ನು ಮಗುಚಿ ಅದರ ಮೇಲೆ ಕಾಗದವಿಟ್ಟು ಅವರು ನಿಧಾನವಾಗಿ ತಮ್ಮ ಹೆಸರು ಬರೆದರು. ಕೆಲಸ ಯಾವುದು ಎಂದು ಕೇಳುವ ಜಾಗದಲ್ಲಿ ಏನು ಬರೆಯುವುದೆಂದು ನಾನು ತಡವರಿಸಿದೆ. “ಬಟ್ಟಿ ಅಂಗ್ಡಿ ಗುಮಾಸ್ತ ಅಂದೇ ಬರಿ. ಮತ್ತೆಂತ ಗೊತ್ತಿತ್ತ್ ನಂಗೆ?” ಎಂದರು.

ಸಂಘದ ಹೆಸರಿನಲ್ಲಿ ಧಣಿಗಳಿಗೆ ಪತ್ರ ಹೋಯಿತು, ಒಂದು ಪ್ರತಿ ಮಂಗಳೂರಿನ ಅಧಿಕಾರಿಗಳಿಗೆ. ಬೇಕಾದ್ದು ಒಂದೇ, ಸರದಿ. ಧಣಿಗಳಿಂದ ಮೊದಲು ಬಂದ ಉತ್ತರ, “ಒಬ್ಬೊಬ್ರೇ ಬಂದ್ ಕಾಣಿ” ಎಂದು. ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ಸೀರೆ ತೋರಿಸುವವ ನನ್ನ ಮನೆಗೆ ಬಂದು ಆ ಹೊಸ ಪಂಚೆಯನ್ನು ಜಗಲಿಯ ಮೇಲಿಟ್ಟು, ಇದನ್ನು ಉಡಲು ಆಗುತ್ತಿಲ್ಲ ಮಾರಾಯ ಎಂದು ತಲೆ ತಗ್ಗಿಸಿ ಕೂತ. ಗುಮಾಸ್ತರನ್ನು ಬೀದಿಯ ಎದುರು ಕೂಗಿ ಕಳಿಸಿದ್ದು ಕಣ್ಣಾರೆ ಕಂಡವನು ಅವನು. ಅವರಿಗೇ ಹೀಗಾದರೆ ತನಗೆ ಎಷ್ಟು ಹೊತ್ತು ಎಂದು ಬ್ರಹ್ಮಾವರದವರಿಗೂ ಹೋಗಿ ಹೇಳಿದವನು ಅವನೇ. ಕೊನೆಗೆ ಧಣಿಗಳು ಎಲ್ಲರೂ ಬನ್ನಿ ಎಂದರು. ಮದುವೆಯ ದಿನಗಳು ಹತ್ತಿರ ಬಂದಿದ್ದವು, ಕಂಟ್ರೋಲ್ ಹೋಗುತ್ತದೆಂಬ ಸುದ್ದಿಯೂ ಇತ್ತು. ತಂಗಿಯ ಮಗನಿಗೆ ಸೀರೆಯ ಒಳಮೈ ಹೊರಮೈ ಗುರುತಿಸಲು ಬರುತ್ತಿರಲಿಲ್ಲ.

ಏಳು ಜನ ಹೋಗಿ ಜಗಲಿಯ ಬೆಂಚಿನ ಮೇಲೆ ಕೂತೆವು. ಧಣಿಗಳು ತಮ್ಮ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದವರ ಹಾಗೆ ಮಾಡಿ, ಸರದಿ ಆಗಬಹುದು ಎಂದರು. ಗುಮಾಸ್ತರೂ ಬರಲಿ, ಬೈಂದೂರಿನವರು ಕುಂದಾಪುರಕ್ಕೇ ಬರಲಿ. ನಮ್ಮ ಎದೆ ಹಗುರಾಯಿತು. ಆಗ ಅವರು ನನ್ನ ಕಡೆ ಬೆರಳು ತೋರಿಸದೆ, ನೋಡದೆ, “ಆರ್ ಜನಕ್ಕೆ ಸರದಿ. ದೇವ್ರ್ ಎದ್ರ್ ಅಮ್ಮನ್ ಕೈಯಿಂದ ಕೊಟ್ಟದ್ ಬಿಟ್ಟವ್ರ್ ನಂಗ್ ಬೇಡ” ಎಂದರು.

ನಾನು ಯಡ್ತರೆಯವನ ಮುಖ ನೋಡಿದೆ. ಅವನ ಕಣ್ಣಲ್ಲಿ ಆಸೆ ಕಂಡಿತು. ಅವನನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಆರು ಮನೆ ಉಳಿಯುತ್ತದೆ, ಒಂದು ಹೋಗುತ್ತದೆ. ಒಪ್ಪಿಕೊಳ್ಳಿ ಎಂದು ನಾನೇ ಹೇಳಬೇಕಿತ್ತೇನೋ. ಸಿಟ್ಟು ಅದನ್ನು ಹೇಳಲು ಬಿಡಲಿಲ್ಲ.

ದೊಡ್ಡ ಗುಮಾಸ್ತರು ಗೋಡೆಗೆ ಒರಗಿಸಿದ್ದ ಕೊಡೆ ತೆಗೆದುಕೊಂಡು ಎದ್ದರು.

“ಹಾಂಗಾರೆ ಬತ್ತೆ ಒಡ್ಯಾ” ಎಂದರು. ನಮ್ಮ ಕಡೆ ತಿರುಗಿ, “ಏಳಿ, ಹೋಪ.”

ಸೀರೆ ತೋರಿಸುವವ ಎದ್ದ. ಬೈಂದೂರಿನ ಇಬ್ಬರು ಎದ್ದರು. ನಾನು ಎದ್ದೆ. ಬ್ರಹ್ಮಾವರದವರಲ್ಲಿ ಒಬ್ಬ ಎದ್ದ. ಇನ್ನೊಬ್ಬ, ನನ್ನನ್ನು ಬೈದು ರುಜು ಹಾಕಿದ್ದವ, ಬೆಂಚಿನ ಅಂಚನ್ನು ಎರಡು ಕೈಯಲ್ಲಿ ಹಿಡಿದು ಕೂತೇ ಇದ್ದ. ನಾವು ಬಾಗಿಲವರೆಗೆ ಹೋದೆವು. ಹಿಂದೆ ಬೆಂಚು ಕಿರ್ರೆಂದಿತು. ತಿರುಗಿ ನೋಡಿದರೆ ಅವನೂ ಬರುತ್ತಿದ್ದ, ಬೈದುಕೊಳ್ಳುತ್ತಾ.

ಅಂಗಳ ದಾಟಿ ಬೇಲಿಬಾಗಿಲ ದಣಪೆಯ ಹತ್ತಿರ ಬಂದಾಗ ಧಣಿಗಳು “ಹ್ವಾಯ್” ಎಂದರು. ಯಾರನ್ನೆಂದು ತಿಳಿಯಲಿಲ್ಲ. ನಾವು ತಿರುಗಲಿಲ್ಲ. ಅವರು ಜಗಲಿ ಇಳಿದು ಅಂಗಳಕ್ಕೆ ಬಂದ ಬರಿಗಾಲ ಸಪ್ಪಳ ಕೇಳಿಸಿತು. ಬಿಸಿಲಲ್ಲೇ ನಿಂತು ಒಬ್ಬೊಬ್ಬರ ಹೆಸರನ್ನೂ ಹಿಡಿದು ಕರೆದರು. ಗುಮಾಸ್ತರದ್ದು ಮೊದಲು, ಬೈಂದೂರಿನವರದ್ದು, ಬ್ರಹ್ಮಾವರದವರದ್ದು, ಸೀರೆಯವನದ್ದು. ಆರು ಹೆಸರು ಮುಗಿದವು. ನಾವು ಏಳೂ ಜನ ಬೆನ್ನು ಹಾಕಿಕೊಂಡೇ ನಿಂತಿದ್ದೆವು. ಗುಮಾಸ್ತರ ಕೈ ನನ್ನ ಮೊಣಕೈಯನ್ನು ಹಿಡಿದಿತ್ತು. ಬಹಳ ಹೊತ್ತಾದ ಮೇಲೆ, ಹಲ್ಲು ಕಚ್ಚಿಕೊಂಡ ದನಿಯಲ್ಲಿ, ಅವರು ನನ್ನ ಹೆಸರು ಹೇಳಿದರು.